ಚಿಗಳಿಯ ಹೆಜ್ಜೆಗೆ ಹಾಡು ಹುಡುಕಿದ್ದು

ಚಿಗಳಿ ಕಲಬುರಗಿಯ ನಮ್ಮ ಓಣಿಯಲ್ಲೇ ಹುಟ್ಟಿದ ಬೀದಿನಾಯಿ. ಹುಣಸೆ ಚಿಗಳಿಯ ಬಣ್ಣ, ಅದಕ್ಕೇ ಆ ಹೆಸರು. 2012ರಲ್ಲಿ ಬ್ರಿಟನ್ನಿನ ಟಿವಿ ಸ್ಪರ್ಧೆಯೊಂದರಲ್ಲಿ ಪಡ್ಸಿ ಎಂಬ ನಾಯಿ ಒಡತಿಯ ಜೊತೆ ಕುಣಿದು ಗೆದ್ದಿತ್ತಲ್ಲ, ಆ ವಿಡಿಯೊ ನೋಡಿ ನನಗೆ ಹುಚ್ಚು ಹತ್ತಿತು. "ಮನಿ ಕೆಲಸ ಬಿಟ್ಟು ನಾಯಿಗಿ ಕುಣಸ್ಲತ್ತೀ ಏನ?" ಅಂದಳು ಅವ್ವ.

ನಾಯಿಯ ಜೊತೆ ಹಾಡಿಗೆ ಕುಣಿಯುವ ಈ ಆಟದಲ್ಲಿ ಎರಡು ಬಗೆ. ಹೀಲ್‌ವರ್ಕ್‌ನಲ್ಲಿ ನಾಯಿ ಹೆಚ್ಚಿನ ಹೊತ್ತು ನಮ್ಮ ಕಾಲಿಗೆ ಅಂಟಿಕೊಂಡೇ ನಡೆಯಬೇಕು. ಫ್ರೀಸ್ಟೈಲ್‌ನಲ್ಲಿ ಸುತ್ತುವುದು, ಕಾಲ ಸಂದಿಯಲ್ಲಿ ನುಸುಳುವುದು, ದೂರ ಹೋಗಿ ಬರುವುದು ಎಲ್ಲಾ ನಡೆಯುತ್ತದೆ. ನಾನು ಹಿಡಿದದ್ದು ಫ್ರೀಸ್ಟೈಲ್.

ಮೊದಲ ತಪ್ಪು ನೆಲದ್ದು. ಮನೆಯ ತುಂಬ ಶಹಾಬಾದ್ ಫರಸಿ. ತಿರುಗುವಾಗ ಚಿಗಳಿಯ ಹಿಂಗಾಲು ಜಾರಿತು, ಆಮೇಲೆ ಒಂದು ವಾರ ಸುತ್ತಲಿಕ್ಕೇ ಒಲ್ಲೆ ಅಂದಳು. ಜಮಖಾನ ಹಾಸಿದ ಮೇಲೆ ಧೈರ್ಯ ಬಂತು. ಬೇಯಿಸಿದ ಕೋಳಿಯ ಚೂರು ಮೂಗಿನ ಮುಂದೆ ಹಿಡಿದು ಸುತ್ತಿಸಿ, ಸರಿ ಮಾಡಿದ ಕ್ಷಣಕ್ಕೇ ನಾಲಿಗೆಯಿಂದ 'ಟಕ್' ಅನ್ನಿಸಿ, ಆಮೇಲೆ ಚೂರು ಕೊಡುತ್ತಿದ್ದೆ. ನಾಲ್ಕೈದು ದಿನಕ್ಕೆ ಚೂರು ಹಿಡಿಯದೆ ಖಾಲಿ ಕೈಯಿಂದಲೇ ಸುತ್ತಿಸತೊಡಗಿದೆ. ಇಲ್ಲದಿದ್ದರೆ ನಾಯಿ ಕಲಿಯುವುದು ಕೋಳಿಯ ಹಿಂದೆ ಹೋಗುವುದನ್ನು ಮಾತ್ರ. ಹಿಮ್ಮುಖ ನಡಿಗೆ ಕಲಿಸಿದ್ದು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ. ಅಲ್ಲಿ ಅಡ್ಡ ತಿರುಗಲು ಜಾಗವೇ ಇರಲಿಲ್ಲ.

ಹಾಡಿನ ವಿಷಯದಲ್ಲಿ ಮಾತ್ರ ಎರಡು ತಿಂಗಳು ಹಾಳು ಮಾಡಿಕೊಂಡೆ. ನನಗೆ ಇಷ್ಟವಾದ ಹಾಡು ಹಾಕಿ, ಚಿಗಳಿ ಹಿಂದೆ ಬಿದ್ದರೆ ಒದರುತ್ತಿದ್ದೆ. ಪಾಪ, ಆ ತಾಳ ಅವಳ ನಡಿಗೆಗೆ ಜಾಸ್ತಿ, ಓಟಕ್ಕೆ ಕಮ್ಮಿ. ಕೊನೆಗೆ ಅವಳ ಓಟವನ್ನು ಮೊಬೈಲಿನಲ್ಲಿ ಹಿಡಿದು ನಿಧಾನ ಮಾಡಿ ನೋಡಿದೆ: ಬಲ ಮುಂಗಾಲು 15 ಸೆಕೆಂಡಿಗೆ 33 ಸಲ ನೆಲ ಮುಟ್ಟುತ್ತಿತ್ತು, ಅಂದರೆ ನಿಮಿಷಕ್ಕೆ 132. ಆ ಲೆಕ್ಕದ ತಾಳದ ಕೋಲಾಟದ ಮಟ್ಟು ಹುಡುಕಿ ಹಾಕಿದ ದಿನ ನಾನು ಏನೂ ಹೇಳಲಿಲ್ಲ, ಅವಳ ಹೆಜ್ಜೆ ತಾನೇ ಕೂತಿತು.

ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ! ತಾಲೀಮು ಬೆಳಗ್ಗೆ ಐದೂವರೆಗೆ, ಮಾಳಿಗೆ ಮೇಲೆ, ಒಂದು ಸಲಕ್ಕೆ ಐದು ನಿಮಿಷ ಮಾತ್ರ. ಅಂಗೈಯನ್ನು ನೆಲಕ್ಕೆ ಇಟ್ಟು ತಡೆಯಲಾಗದಿದ್ದರೆ ಅವತ್ತು ರಜಾ.

ಊರಲ್ಲಿ ಇಂಥ ಸ್ಪರ್ಧೆ ಇಲ್ಲ, ವಿಡಿಯೊ ಕಳಿಸುವ ಒಂದಕ್ಕೆ ಕಳಿಸಿದೆ. ಸಂಗೀತದ ಹೊಂದಿಕೆಗೆ ಒಳ್ಳೆ ಅಂಕ ಬಂತು, ನಿಖರತೆಯಲ್ಲಿ ಕತ್ತರಿ ಬಿತ್ತು. ನನ್ನ ಬಲಮಗ್ಗುಲಿಗೆ ಬಂದಾಗೆಲ್ಲಾ ಚಿಗಳಿ ಒಂದು ಗೇಣು ಹೊರಗೆ ಸರಿಯುತ್ತಾಳೆ. ಎಡಗಡೆಯೇ ಹೆಚ್ಚು ಕಲಿಸಿದ್ದು ನಾನೇ. ಈಗ ಬಲಗಡೆಯ ಪಾಠ ನಡೆದಿದೆ, ಅವ್ವನೇ ಕೋಳಿ ಬೇಯಿಸಿ ಕೊಡುತ್ತಾಳೆ.