ಮೆಟ್ಟಿಲ ಬಳಿಯ ಚೀಟಿ, ಮೈ ಸುಡುವ ಜ್ವರ: ಜರ್ಮನಿಗೆ ಬಂದವರು ತಿಳಿದಿರಬೇಕಾದ ಲೀಜಿಯೊನೆಲ್ಲಾ

ಸ್ಟುಟ್‌ಗಾರ್ಟಿಗೆ ಬಂದ ಹೊಸತು. ನಮ್ಮ ಕಟ್ಟಡದ ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದ್ದರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಯಾರದ್ದು ಅಂತ ಬರೆದಿರಬೇಕು ಅಂದುಕೊಂಡು ದಾಟಿ ಹೋದೆ. ನಾಲ್ಕು ದಿನ ಬಿಟ್ಟು ಪಕ್ಕದ ಮನೆಯ ಅಜ್ಜಿ ತಡೆದು, ‘ಇನ್ನೂ ಷವರ್ ಕೆಳಗೆ ನಿಲ್ತಿದ್ದೀರಾ?’ ಅಂತ ಕೇಳಿದಾಗಲೇ ಗೊತ್ತಾಗಿದ್ದು. ಚೀಟಿಯಲ್ಲಿದ್ದ ಪದ ‘ಲೆಗಿಯೊನೆಲೆನ್’, ಅಂದರೆ ಲೀಜಿಯೊನೆಲ್ಲಾ. ಅದರ ಜೊತೆಗೆ ‘ಡುಷ್‌ಫರ್ಬೋಟ್’. ಅಂದರೆ ಷವರ್ ಬಳಸಕೂಡದು.

ಲೀಜಿಯೊನೆಲ್ಲಾ ನೀರಿನಲ್ಲಿರುವ ಬ್ಯಾಕ್ಟೀರಿಯಾ. ಉಗುರುಬೆಚ್ಚಗಿನ ನೀರು ಪೈಪಿನಲ್ಲಿ ಸುಮ್ನೆ ನಿಂತರೆ ಅದಕ್ಕೆ ಹಬ್ಬ. 25ರಿಂದ 45 ಡಿಗ್ರಿಯೊಳಗೆ ಚೆನ್ನಾಗಿ ಬೆಳೆಯುತ್ತದೆ. ಷವರಿನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ಆ ನೀರು ಕುಡಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕೂಲಿಂಗ್ ಟವರ್‌ಗಳಿಂದಲೂ, ಅಂದರೆ ಕಾರ್ಖಾನೆ, ದೊಡ್ಡ ಕಟ್ಟಡಗಳಲ್ಲಿ ನೀರಿನಿಂದ ತಂಪು ಮಾಡುವ ಗೋಪುರಗಳಿಂದಲೂ, ಹರಡುತ್ತದೆ. ಬಿಯರಿಗೆ ಹೆಸರಾದ ವಾರ್‌ಸ್ಟೈನ್ ಊರಿನಲ್ಲಿ 2013ರಲ್ಲಿ 100ಕ್ಕೂ ಜಾಸ್ತಿ ಜನ ಹಾಸಿಗೆ ಹಿಡಿದಿದ್ದರು.

ಇಲ್ಲಿನ ಕಾನೂನು ಮನೆ ಮಾಲೀಕರ ಬೆನ್ನು ಬಿಡುವುದಿಲ್ಲ. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದು, ಅದು 400 ಲೀಟರಿಗಿಂತ ದೊಡ್ಡದಾಗಿದ್ದರೆ, ಮೂರು ವರ್ಷಕ್ಕೊಮ್ಮೆಯಾದರೂ ನೀರು ಪರೀಕ್ಷೆ ಮಾಡಿಸಬೇಕು. ಬಾಯ್ಲರ್ ಚಿಕ್ಕದಿದ್ದರೂ ನಲ್ಲಿಯವರೆಗಿನ ಪೈಪಿನಲ್ಲಿ 3 ಲೀಟರಿಗಿಂತ ಜಾಸ್ತಿ ನೀರು ನಿಲ್ಲುವಂತಿದ್ದರೆ ಇದೇ ನಿಯಮ. 100 ಮಿಲಿಲೀಟರ್ ನೀರಿನಲ್ಲಿ ಬ್ಯಾಕ್ಟೀರಿಯಾದ 100 ಕಾಲೊನಿ ಸಿಕ್ಕರೆ ಗೆಸುಂಡ್‌ಹೈಟ್ಸ್‌ಆಮ್ಟ್‌ಗೆ, ಅಂದರೆ ಆರೋಗ್ಯ ಕಚೇರಿಗೆ, ಸುದ್ದಿ ಹೋಗುತ್ತದೆ. ಬಾಡಿಗೆದಾರರಿಗೂ ತಿಳಿಸಬೇಕು. 10,000 ದಾಟಿದರೆ ಷವರ್ ಬಂದ್. ಒಂದು ಎರಡು ಸಂಸಾರಗಳ ಸ್ವಂತ ಮನೆಗಳಿಗೆ ಈ ಕಡ್ಡಾಯವಿಲ್ಲ. ಬಕೆಟ್ಟಿಗೆ ಮೆಲ್ಲಗೆ ನೀರು ತುಂಬಿಸಿ ಚೊಂಬಿನಲ್ಲಿ ಹುಯ್ದುಕೊಂಡರೆ ಷವರಿನಷ್ಟು ಹನಿ ಏಳುವುದಿಲ್ಲ. ಬಂದ್ ಮುಗಿಯುವವರೆಗೆ ನಾನು ಹಾಗೇ ಸ್ನಾನ ಮಾಡಿದೆ. ಅಜ್ಜಿಗೆ ಅದೇ ಒಂದು ವಿಚಿತ್ರ.

ಈಗ ಮುಖ್ಯವಾದ ಮಾತು. ಆರೋಗ್ಯ ಕಚೇರಿಗೆ ನಿಮ್ಮ ಕಟ್ಟಡದ ನೀರಿನ ಸುದ್ದಿ ಗೊತ್ತು. ನಿಮ್ಮ ಹೌಸ್‌ಆರ್ಟ್ಸ್ಟ್‌ಗೆ, ಅಂದರೆ ಮನೆ ಡಾಕ್ಟರಿಗೆ, ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಕಾಯಿಲೆ ಸಾಮಾನ್ಯವಾಗಿ 2ರಿಂದ 10 ದಿನದೊಳಗೆ ಕಾಣಿಸುತ್ತದೆ, ಕೆಲವೊಮ್ಮೆ ಇನ್ನೂ ತಡವಾಗಿ. ಮೊದಲು ಫ್ಲೂ ಅಂತಲೇ ಅನ್ನಿಸುತ್ತದೆ. ತಲೆನೋವು, ಮೈಕೈ ನೋವು, ಚಳಿ, ಆಮೇಲೆ 39.5 ಡಿಗ್ರಿ ಜ್ವರ. ನಮ್ಮ ಲೆಕ್ಕದಲ್ಲಿ 103. ಒಣ ಕೆಮ್ಮು. ಜೊತೆಗೆ ಭೇದಿಯಾದರೆ, ಮಾತು ತಡವರಿಸಿದರೆ, ಹೊತ್ತು ಗೊತ್ತಿಲ್ಲದ ಹಾಗೆ ಆಡಿದರೆ ಅನುಮಾನ ಬರಲೇಬೇಕು. 50 ದಾಟಿದವರು, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇನ್ನೂ ಹುಷಾರಾಗಿರಬೇಕು. ರಾತ್ರಿ ಅಥವಾ ಶನಿವಾರ, ಭಾನುವಾರ ಡಾಕ್ಟರ್ ಸಿಗದಿದ್ದರೆ 116117ಕ್ಕೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಗಲಿಬಿಲಿಗೊಂಡರೆ ಯೋಚನೆ ಮಾಡಬೇಡಿ, 112.

ಮೂತ್ರದ ಪರೀಕ್ಷೆಯಲ್ಲಿ ಬೇಗ ಗೊತ್ತಾಗುತ್ತದೆ. ಆದರೆ ಅದು ಮುಖ್ಯವಾಗಿ ಲೀಜಿಯೊನೆಲ್ಲಾದ ಒಂದೇ ಬಗೆಯನ್ನು ಹಿಡಿಯುತ್ತದೆ. ‘ಇಲ್ಲ’ ಅಂತ ಬಂದರೂ ಅನುಮಾನ ಉಳಿದರೆ ಕಫದ ಪಿಸಿಆರ್ ಮಾಡಿಸಬಹುದಾ ಅಂತ ಕೇಳಿ. ಲ್ಯಾಬ್ ಫಲಿತಾಂಶ ಹೆಸರಿನ ಸಮೇತ ಆರೋಗ್ಯ ಕಚೇರಿಗೆ ಹೋಗುತ್ತದೆ, ಅದು ಕಾನೂನು. ಅವರು ಫೋನ್ ಮಾಡಿ ಎಲ್ಲಿ ಸ್ನಾನ ಮಾಡಿದಿರಿ, ಯಾವ ಹೋಟೆಲಿನಲ್ಲಿದ್ದಿರಿ ಅಂತ ವಿಚಾರಿಸಿದರೆ ಹೆದರಬೇಡಿ. ಅವರು ಹುಡುಕುತ್ತಿರುವುದು ನೀರನ್ನು, ನಿಮ್ಮನ್ನಲ್ಲ.

ಊರಿಂದ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ಮಾತ್ರೆ ತುಂಬಿಕೊಂಡು ಬರುತ್ತೇವೆ, ಅಲ್ವಾ? ಇಲ್ಲಿ ಅದು ಕೈ ಕೊಡುತ್ತದೆ. ಈ ಬ್ಯಾಕ್ಟೀರಿಯಾ ಶ್ವಾಸಕೋಶದ ಜೀವಕೋಶಗಳ ಒಳಗೇ ಹೊಕ್ಕು ಕೂರುತ್ತದೆ, ಅಮಾಕ್ಸಿಸಿಲಿನ್ ಅದಕ್ಕೆ ತಾಗುವುದಿಲ್ಲ. ಡಾಕ್ಟರು ಕೊಡುವುದು ಹೆಚ್ಚಾಗಿ ಲಿವೊಫ್ಲಾಕ್ಸಸಿನ್ ಅಥವಾ ಅಜಿತ್ರೊಮೈಸಿನ್. ಡಬ್ಬಿಯಲ್ಲಿ ಅಜಿತ್ರೊ ಇದೆ ಅಂತ ನೀವೇ ನುಂಗಿದರೆ, ಕಫದಿಂದ ಬ್ಯಾಕ್ಟೀರಿಯಾ ಬೆಳೆಸಿ ಅದು ಯಾವ ಪೈಪಿನದ್ದು ಅಂತ ತಾಳೆ ನೋಡುವುದು ಕಷ್ಟವಾಗುತ್ತದೆ. ಔಷಧಿ ವಾರ ಹತ್ತು ದಿನ ನಡೆಯುತ್ತದೆ, ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಿಗೆ ಇನ್ನೂ ಜಾಸ್ತಿ.

ಸರ್ಕಾರಿ ಕ್ರಾಂಕನ್‌ಕಾಸೆ, ಅಂದರೆ ಆರೋಗ್ಯ ವಿಮೆ, ಇದ್ದರೆ ಆಸ್ಪತ್ರೆಯಲ್ಲಿ ನೀವು ಕಟ್ಟಬೇಕಾದ್ದು ದಿನಕ್ಕೆ 10 ಯೂರೊ, ವರ್ಷಕ್ಕೆ 28 ದಿನದವರೆಗೆ ಮಾತ್ರ. ಕೆಲಸಕ್ಕೆ ಸೇರಿ ನಾಲ್ಕು ವಾರ ದಾಟಿದ್ದರೆ, ಕಾಯಿಲೆ ಬಿದ್ದಾಗ ಆರು ವಾರದವರೆಗೆ ಪೂರ್ತಿ ಸಂಬಳ ಬರುತ್ತದೆ. ಚಿಂತೆ ಇರುವುದು ಬೇಸಿಗೆಗೆ ಬರುವ ಅಪ್ಪ ಅಮ್ಮನ ವಿಷಯದಲ್ಲಿ. ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಕೈಯಲ್ಲಿರುವುದು ಬರೀ ಪ್ರವಾಸದ ವಿಮೆ. ಅದು ವೀಸಾಕ್ಕೆ ಬೇಕಾದ 30,000 ಯೂರೊ ಮಟ್ಟದ್ದೇ ಇದ್ದರೆ, ಐಸಿಯು ಸೇರಿದಾಗ ಸಾಲದೇ ಹೋಗಬಹುದು. ಸ್ವಲ್ಪ ದೊಡ್ಡದನ್ನೇ ಮಾಡಿಸಿ. ಹಳೆಯ ಕಾಯಿಲೆಗಳ ಬಗ್ಗೆ ವಿಮೆಯಲ್ಲಿ ಏನು ಬರೆದಿದೆ ಅಂತ ಓದಿ.

ಒಂದು ತಿಂಗಳ ರಜೆಗೆ ಬೆಂಗಳೂರಿಗೆ ಹೋಗಿ ಅವರನ್ನೂ ಕರೆದುಕೊಂಡು ವಾಪಸ್ ಬಂದಿದ್ದೀರಿ ಅನ್ನಿ. ಪೈಪಿನ ನೀರು ಅಷ್ಟು ದಿನವೂ ನಿಂತೇ ಇದೆ. ಪ್ರಯಾಣದ ಸುಸ್ತಿಗೆ ಮೊದಲು ಷವರಿಗೆ ಓಡಬೇಡಿ, ಅವರನ್ನೂ ಕಳಿಸಬೇಡಿ. ಬಚ್ಚಲ ಕಿಟಕಿ ತೆರೆಯಿರಿ. ಷವರಿನ ತಲೆಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟು ಬಿಸಿನೀರು ಪೂರ್ತಿ ಬಿಡಿ. ಐದು ನಿಮಿಷ ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲಿ, ಅಷ್ಟರಲ್ಲಿ ಕಾಫಿ ಮಾಡಿ.