ಬೆಂಗಳೂರಿನ ಹಳೆ ಚರ್ಚು ನೋಡಲು ಹೊರಟವರಿಗೆ

ಬೆಂಗಳೂರಿನ ಹಳೆಯ ಚರ್ಚುಗಳನ್ನು ನೋಡಲು ಹೋಗಿ ಗೇಟಿನಿಂದಲೇ ವಾಪಸು ಬರುವವರು ಬಹಳ. ಯಾವ ಪಂಗಡದ ಚರ್ಚು ಎಂದು ತಿಳಿದುಕೊಳ್ಳದೆ ಹೊರಡುವುದೇ ಇದಕ್ಕೆ ಮುಖ್ಯ ಕಾರಣ. ಕ್ಯಾಥೊಲಿಕ್ ಚರ್ಚುಗಳಲ್ಲಿ ದಿನವೂ ಬಲಿಪೂಜೆ (ಮಾಸ್) ಇರುತ್ತದೆ, ನಡುವೆ ಭಕ್ತರು ಬಂದು ಮೊಣಕಾಲೂರಿ ಪ್ರಾರ್ಥಿಸಿ ಹೋಗುತ್ತಿರುತ್ತಾರೆ. ಹಾಗಾಗಿ ಬಾಗಿಲು ಸಾಮಾನ್ಯವಾಗಿ ಹಗಲೆಲ್ಲ ತೆರೆದಿರುತ್ತದೆ. ಪ್ರೊಟೆಸ್ಟೆಂಟ್ ಚರ್ಚುಗಳು ಹಾಗಲ್ಲ. ಅಲ್ಲಿ ಭಾನುವಾರದ ಆರಾಧನೆಯೇ ಮುಖ್ಯ, ವಾರದ ದಿನ ಬಾಗಿಲಿಗೆ ಬೀಗ ಬಿದ್ದಿರುವುದೇ ಹೆಚ್ಚು. ದಂಡು ಪ್ರದೇಶದ, ಅಂದರೆ ಬ್ರಿಟಿಷರ ಸೈನ್ಯ ನೆಲೆಸಿದ್ದ ಕಂಟೋನ್ಮೆಂಟಿನ, ಪ್ರಸಿದ್ಧ ಚರ್ಚುಗಳಲ್ಲಿ ಹಲವು ಈ ಎರಡನೆಯ ಬಗೆಯವು. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾಗಿ ಬೇರೆ ಬೇರೆ ಇದ್ದ ಪ್ರೊಟೆಸ್ಟೆಂಟ್ ಪಂಗಡಗಳು 1947ರ ಸೆಪ್ಟೆಂಬರ್‌ನಲ್ಲಿ ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಆದವು. ಫಲಕದ ಮೇಲೆ ಸಿ.ಎಸ್.ಐ. ಎಂದಿದ್ದರೆ ಮೊದಲೇ ಫೋನ್ ಮಾಡಿ ಹೋಗಿ.

ಫೋನಿಗೆ ಯಾರೂ ಸಿಗದಿದ್ದರೆ ಎರಡು ದಾರಿ ಇವೆ. ಕೆಲಸದ ದಿನ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೋಗಿ, ಆವರಣದಲ್ಲಿರುವ ಕಚೇರಿಯನ್ನು ಹುಡುಕಿ, "ಒಳಗೆ ಹತ್ತು ನಿಮಿಷ ನೋಡಬಹುದಾ?" ಎಂದು ಕೇಳಿ. ಕೀಲಿ ಇರುವವರು ಆವರಣದಲ್ಲೇ ಇದ್ದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ. ಇನ್ನೊಂದು ದಾರಿ ಭಾನುವಾರದ್ದು, ಅದೇ ಹೆಚ್ಚು ಖಚಿತ. ಆರಾಧನೆ ಮುಗಿಯುವ ಹೊತ್ತಿಗೆ ಹೊರಗೆ ನಿಂತಿರಿ. ಮುಗಿದ ಮೇಲೆ ಪಾಸ್ಟರ್ ಬಾಗಿಲ ಬಳಿ ನಿಂತು ಜನರ ಕೈಕುಲುಕಿ ಕಳಿಸುವ ವಾಡಿಕೆ ಇದೆ, ಆಗ ಅವರನ್ನೇ ಕೇಳಿ. ಮುಂದಿನ ಆರಾಧನೆ ಶುರುವಾಗುವುದರೊಳಗೆ ಸಿಗುವ ಬಿಡುವಿನಲ್ಲಿ ಒಂದು ಚರ್ಚನ್ನು ಚೆನ್ನಾಗಿ ನೋಡಬಹುದು. ಶನಿವಾರ ಸಂಜೆ ಬೇಡ, ಮದುವೆಗಳಿರುತ್ತವೆ.

ಮೊದಲ ಸಲಕ್ಕೆ ಎಂ.ಜಿ. ರಸ್ತೆಯೇ ಸರಿ. ನೇರಳೆ ಮಾರ್ಗದ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್‌ನಿಂದ ಶುರು ಮಾಡಿ. 1808ರಲ್ಲಿ ಕೆಲಸ ಶುರುವಾಗಿ 1812ರಲ್ಲಿ ಮುಗಿದ ಚರ್ಚು ಇದು. ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಮಾದರಿ. 1923ರಲ್ಲಿ ಬೆಂಕಿ ಬಿದ್ದು ಹಾಳಾದದ್ದನ್ನು 1927ರ ಹೊತ್ತಿಗೆ ಮತ್ತೆ ಕಟ್ಟಿದರು, ಆದ್ದರಿಂದ ಕಣ್ಣಿಗೆ ಕಾಣುವುದೆಲ್ಲ ಕಂಪನಿ ಕಾಲದ್ದು ಎಂದುಕೊಳ್ಳಬೇಡಿ. ಅಲ್ಲಿಂದ ಕಬ್ಬನ್ ರಸ್ತೆಗೆ ದಾಟಿದರೆ ಸೇಂಟ್ ಆಂಡ್ರೂಸ್. ಕೆಂಪು ಇಟ್ಟಿಗೆಯ ಮೈ, ಗಡಿಯಾರದ ಗೋಪುರ. ಸ್ಕಾಟ್ಲೆಂಡಿನವರು 1864ರಲ್ಲಿ ಅಡಿಗಲ್ಲು ಹಾಕಿ 1866ರಲ್ಲಿ ತೆರೆದದ್ದು. ಸುತ್ತಲೂ ಸೈನ್ಯದ ಜಾಗ. ಚರ್ಚಿನ ಚಿತ್ರ ತೆಗೆಯುವಾಗ ಕ್ಯಾಮೆರಾ ಆ ಕಡೆಗೆ ತಿರುಗದಂತೆ ಎಚ್ಚರವಿರಲಿ, ಕಾವಲುಗಾರರು ತಡೆದರೆ ವಾದಕ್ಕೆ ಇಳಿಯಬೇಡಿ. ಕೊನೆಗೆ ಎಂ.ಜಿ. ರಸ್ತೆಯ ಪೂರ್ವದ ತುದಿಯಲ್ಲಿ ಹೋಲಿ ಟ್ರಿನಿಟಿ. ಸೈನ್ಯಕ್ಕೆಂದು 1850ರ ಆಸುಪಾಸಿನಲ್ಲಿ ಕಟ್ಟಿದ ಚರ್ಚು, ಅದರ ಹೆಸರೇ ವೃತ್ತಕ್ಕೂ ಮೆಟ್ರೊ ನಿಲ್ದಾಣಕ್ಕೂ ಬಂದಿದೆ. ಮೂರಕ್ಕೂ ಸೇರಿ ನಡಿಗೆ ಮೂರು ಕಿಲೋಮೀಟರಿನ ಒಳಗೇ. ಆದರೆ ಭಾನುವಾರ ಒಂದೇ ಬೆಳಿಗ್ಗೆ ಮೂರರ ಒಳಗೂ ಹೋಗಲು ಆಗದು, ಆರಾಧನೆಯ ಹೊತ್ತುಗಳು ಒಂದರ ಮೇಲೊಂದು ಬೀಳುತ್ತವೆ. ಒಂದರ ಒಳಗೆ ಸಮಾಧಾನವಾಗಿ ಕೂತು, ಉಳಿದ ಎರಡನ್ನು ಹೊರಗಿನಿಂದ ನೋಡುವುದೇ ಮೇಲು.

ಒಳಗೆ ಹೋದವರು ಸಾಮಾನ್ಯವಾಗಿ ತಲೆ ಎತ್ತಿ ಚಾವಣಿ ನೋಡಿ, ಒಂದು ಫೋಟೊ ತೆಗೆದು ಹೊರಟುಬಿಡುತ್ತಾರೆ. ಗೋಡೆಯನ್ನು ಬಿಟ್ಟುಬಿಡುತ್ತಾರೆ. ಸೇಂಟ್ ಮಾರ್ಕ್ಸ್, ಟ್ರಿನಿಟಿ ಎರಡರಲ್ಲೂ ಗೋಡೆಗಳ ಮೇಲೆ ಅಮೃತಶಿಲೆಯ, ಹಿತ್ತಾಳೆಯ ಸ್ಮಾರಕ ಫಲಕಗಳಿವೆ. ಅವೇ ನಮ್ಮ ಊರಿನ ದಂಡು ಪ್ರದೇಶದ ಇತಿಹಾಸ. ಇಂಥ ಫಲಕವನ್ನು ಓದುವಾಗ ಮೊದಲು ಸತ್ತವರ ವಯಸ್ಸು ನೋಡಿ, ಆಮೇಲೆ ಕಾರಣ, ಆಮೇಲೆ ಕೊನೆಯ ಸಾಲು. ಇಪ್ಪತ್ತರ ಹರೆಯದ ಸಿಪಾಯಿಗಳು, ಹೆರಿಗೆಯಲ್ಲಿ ತೀರಿಕೊಂಡ ಹೆಂಡತಿಯರು, ಕೂಸುಗಳು; ಯುದ್ಧಕ್ಕಿಂತ ಕಾಲರಾ, ಜ್ವರಕ್ಕೆ ಹೋದವರು ಆ ಕಾಲದಲ್ಲಿ ಕಡಿಮೆಯಿರಲಿಲ್ಲ. ಕಲ್ಲು ನಿಲ್ಲಿಸಿದವರು ಯಾರು ಎಂಬುದು ಕೊನೆಯ ಸಾಲಿನಲ್ಲಿರುತ್ತದೆ: ತಾಯಿಯೋ, ಜೊತೆಯ ಅಧಿಕಾರಿಗಳೋ, ಇಡೀ ರೆಜಿಮೆಂಟೋ. ಎತ್ತರದಲ್ಲಿರುವುದನ್ನು ಓದಲು ಚಿಕ್ಕ ದುರ್ಬೀನು ಒಯ್ಯಿರಿ. ಸವೆದ ಅಕ್ಷರಗಳ ಮೇಲೆ ಕೈ ಉಜ್ಜಬೇಡಿ, ಸೀಮೆಸುಣ್ಣ ಬಳಿಯಬೇಡಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳು ಬಿದ್ದು ಅಕ್ಷರ ತಾನಾಗಿ ಎದ್ದು ಕಾಣುತ್ತದೆ.

ಬಣ್ಣದ ಗಾಜಿನ ಕಿಟಕಿಗಳಿಗೆ ಹೊತ್ತು ನೋಡಿ ಹೋಗಬೇಕು. ಹೊರಗಿನಿಂದ ಅವು ಬರೀ ಕಪ್ಪು ಗಾಜು. ಬಿಸಿಲು ಆಚೆಯಿಂದ ಬಿದ್ದಾಗಲೇ ಒಳಗೆ ಬಣ್ಣ ಹೊತ್ತಿಕೊಳ್ಳುವುದು. ಬಲಿಪೀಠವನ್ನು (ಪಾದ್ರಿ ಪೂಜೆ ನಡೆಸುವ ಮೇಜು) ಪೂರ್ವಕ್ಕೆ ಇಡುವುದು ಹಳೆಯ ಸಂಪ್ರದಾಯ, ಹಾಗಿದ್ದಲ್ಲಿ ಅದರ ಹಿಂದಿನ ಕಿಟಕಿ ಬೆಳಿಗ್ಗೆ ಹೊತ್ತೇ ಚೆನ್ನ. ಜಾಗ ನೋಡಿ ಬೇರೆ ದಿಕ್ಕಿಗೆ ಕಟ್ಟಿದವೂ ಉಂಟು, ಹೊರಡುವ ಮೊದಲು ನಕ್ಷೆಯಲ್ಲಿ ದಿಕ್ಕು ನೋಡಿಕೊಳ್ಳಿ. ಮಳೆಗಾಲದ ಮೋಡದಲ್ಲಿ ಹೋದವರು ಬೇಸರ ಮಾಡಿಕೊಂಡು ಬರುತ್ತಾರೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಬಿಸಿಲು ಇದಕ್ಕೆ ಹೇಳಿ ಮಾಡಿಸಿದ್ದು.

ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದ ಲೋಕವೇ ಬೇರೆ. 1818ರಲ್ಲಿ ಇಲ್ಲಿ ಚಿಕ್ಕ ದೇವಾಲಯ ಕಟ್ಟಿದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬೊಯ್, ನಮ್ಮ ಜನ 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದವರು. ಈಗಿನ ಗಾಥಿಕ್ ಕಟ್ಟಡ 1882ರದ್ದು. ಇಲ್ಲಿ ಮರಿಯಮ್ಮನಿಗೆ ಸೀರೆ ಉಡಿಸುತ್ತಾರೆ. ಸೆರಗು, ಬಣ್ಣ, ಹೂವಿನ ಹಾರ ಎಲ್ಲವನ್ನೂ ಹತ್ತಿರದಿಂದ ನಿಂತು ನೋಡಿ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಒಂಬತ್ತು ದಿನ ನೊವೆನಾ ಎಂಬ ವಿಶೇಷ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಹಬ್ಬ ಮತ್ತು ತೇರು. ತೇರಿನ ದಿನ ಭಕ್ತಿ ನೋಡಬಹುದೇ ಹೊರತು ಕಟ್ಟಡ ನೋಡಲಾಗದು. ಸುತ್ತಲಿನ ರಸ್ತೆಗಳಲ್ಲಿ ಗಾಡಿ ಆಡುವುದೂ ಕಷ್ಟ, ಬಸ್ಸಿನಲ್ಲೇ ಹೋಗಿ. ಕಟ್ಟಡಕ್ಕಾಗಿ ಹೋಗುವವರಿಗೆ ಮಾಮೂಲಿ ದಿನದ ಮಧ್ಯಾಹ್ನ ಒಳ್ಳೆಯದು. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಜನಸಾಗರ, ಭಕ್ತಿಯನ್ನು ನೋಡಲು ಗುರುವಾರ, ಶಾಂತಿ ಬೇಕಿದ್ದರೆ ಬೇರೆ ದಿನ.

ಕ್ಯಾಥೊಲಿಕ್ ದೇವಾಲಯದ ಒಳಗಿನ ನಡವಳಿಕೆ ಕಷ್ಟದ್ದಲ್ಲ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡರೆ ನೀವೂ ಬಿಡಿ, ಇಲ್ಲವಾದರೆ ಬೇಡ. ಗಂಡಸರು ಟೋಪಿ ತೆಗೆಯಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬಲಿಪೀಠದ ಮೆಟ್ಟಿಲು ಹತ್ತಬೇಡಿ. ಅಲ್ಲಿ ಉರಿಯುವ ಕೆಂಪು ದೀಪ, ಪರಮಪ್ರಸಾದ (ಯೇಸುವಿನ ದೇಹವೆಂದು ಭಕ್ತರು ನಂಬುವ ರೊಟ್ಟಿ) ಅಲ್ಲಿನ ಪೆಟ್ಟಿಗೆಯ ಒಳಗಿದೆ ಎಂಬುದರ ಗುರುತು, ಭಕ್ತರಿಗೆ ಅದಕ್ಕಿಂತ ಪವಿತ್ರವಾದ ಜಾಗ ಇನ್ನೊಂದಿಲ್ಲ. ನೀವಿರುವಾಗಲೇ ಬಲಿಪೂಜೆ ಶುರುವಾದರೆ ಗಾಬರಿ ಬೇಡ, ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರೂ ಎದ್ದಾಗ ಎದ್ದರೆ ಸಾಕು. ಹೊರಗಿನವರು ತಪ್ಪುವುದು ಪರಮಪ್ರಸಾದದ ಸಾಲಿನಲ್ಲಿ. ನಮ್ಮ ಗುಡಿಗಳ ಅಭ್ಯಾಸದಲ್ಲಿ ಪ್ರಸಾದ ಎಂದು ಕೈಯೊಡ್ಡಿ ಹೋಗುತ್ತಾರೆ. ಅದು ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದು, ಸಿದ್ಧತೆ ಮಾಡಿಕೊಂಡ ಕ್ಯಾಥೊಲಿಕರಿಗೆ ಮಾತ್ರ. ಆ ಹೊತ್ತು ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಪೂಜೆಯ ನಡುವೆ ಫೋಟೊ ಬೇಡವೇ ಬೇಡ. ಉಳಿದ ಹೊತ್ತು ಕೇಳಿ ತೆಗೆಯಿರಿ, ಫ್ಲಾಶ್ ಇಲ್ಲದೆ, ಪ್ರಾರ್ಥಿಸುವವರ ಮುಖ ಬಾರದ ಹಾಗೆ. ಯೇಸು ಶಿಲುಬೆಯ ಮೇಲೆ ಸತ್ತ ದಿನವಾದ ಶುಭ ಶುಕ್ರವಾರ (ಗುಡ್ ಫ್ರೈಡೇ) ನೋಡಲೆಂದು ಹೋಗಬೇಡಿ: ಅಂದು ಬಲಿಪೂಜೆ ಇಲ್ಲ, ಬಲಿಪೀಠ ಬೋಳು, ಜನ ದುಃಖದಲ್ಲಿರುತ್ತಾರೆ.

ದಂಡು ಮುಗಿಸಿದ ಮೇಲೆ ಪೇಟೆಗೆ ಬನ್ನಿ. ಕನ್ನಡಿಗರಿಗೆ ಹತ್ತಿರದ ಚರ್ಚುಗಳು ಇಲ್ಲಿವೆ, ಆದರೂ ಪ್ರವಾಸಿಗರ ಪಟ್ಟಿಯಲ್ಲಿ ಇವುಗಳ ಹೆಸರು ಅಪರೂಪ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚು 1904ರದ್ದು, ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಷನರಿ ಜೋಸಾಯ ಹಡ್ಸನ್ ಹೆಸರಿನದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಬೆಂಜಮಿನ್ ರೈಸ್ ಅವರ ನೆನಪಿಗೆ. ಇವರ ಮಗನೇ ಬಿ.ಎಲ್. ರೈಸ್, ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ನಮ್ಮ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದವರು. ಎರಡರಲ್ಲೂ ಆರಾಧನೆ ಕನ್ನಡದಲ್ಲಿ. ಅವೆನ್ಯೂ ರಸ್ತೆಗೆ ಹಸಿರು ಮಾರ್ಗದ ಚಿಕ್ಕಪೇಟೆ ನಿಲ್ದಾಣ ಹತ್ತಿರ. ವಾರದ ದಿನ ಕೈಗಾಡಿ, ಮೂಟೆಗಳ ನಡುವೆ ಚರ್ಚಿನ ಮುಂಭಾಗ ಕಾಣುವಷ್ಟು ದೂರ ಹಿಂದೆ ಸರಿಯಲೂ ಜಾಗ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಎದುರಿನ ಜಗಲಿಯ ಮೇಲೆ ನಿಂತು ನೋಡಬಹುದು, ಒಳಗಿನ ಕನ್ನಡ ಕೀರ್ತನೆ ರಸ್ತೆಗೂ ಕೇಳಿಸುತ್ತದೆ.