ಮುದ್ದೆ ತೂಗಿ ಉಣ್ಣುವ ಲೆಕ್ಕ: ಮಾತ್ರೆಯಿಲ್ಲದೆ ಶುಗರ್ ಹತೋಟಿಯಲ್ಲಿಟ್ಟ ಅನುಭವ

ಮಂಡ್ಯ ಕಡೆಯ ಮನೆಗಳಲ್ಲಿ ಯಾರಿಗಾದರೂ ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಎರಡು ಬದಲಾವಣೆ ಆಗುತ್ತವೆ. ಅನ್ನ ಹೋಗಿ ಎರಡು ಹೊತ್ತೂ ಮುದ್ದೆ ಬರುತ್ತದೆ, ಕಾಫಿಗೆ ಸಕ್ಕರೆ ಹೋಗಿ ಬೆಲ್ಲ ಬರುತ್ತದೆ. ಬೆಲ್ಲದ್ದು ಪೂರ್ತಿ ತಪ್ಪು. ಆಲೆಮನೆಯ ಅಚ್ಚು ಬೆಲ್ಲವಾಗಲಿ, ಕಾರ್ಖಾನೆಯ ಸಕ್ಕರೆಯಾಗಲಿ, ಎರಡರಲ್ಲೂ ಇರುವುದು ಕಬ್ಬಿನ ಸುಕ್ರೋಸೇ. ಬೆಲ್ಲದಲ್ಲಿ ಜೊತೆಗೆ ಒಂದಿಷ್ಟು ತೇವ, ಒಂದಿಷ್ಟು ಖನಿಜ ಇರುತ್ತದೆ, ಅಷ್ಟೆ. ಮುದ್ದೆಯದು ಅರ್ಧ ತಪ್ಪು. ಆ ಅರ್ಧವನ್ನು ಸರಿಮಾಡಿಕೊಂಡರೆ ಊಟದ ಕಡೆಯ ಬಹುಪಾಲು ಕೆಲಸ ಮುಗಿದ ಹಾಗೆ.

ಅದಕ್ಕೂ ಮುಂಚೆ ಒಂದು ಮಾತು. ಈಗಾಗಲೇ ಮಾತ್ರೆ ನುಂಗುತ್ತಿರುವವರು ಊಟ ಇಳಿಸುವ ಮುನ್ನ ಚೀಟಿಯಲ್ಲಿ ಏನಿದೆ ನೋಡಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಅಥವಾ ಇನ್ಸುಲಿನ್ ಇದ್ದು, ಮುದ್ದೆಯನ್ನು ಇದ್ದಕ್ಕಿದ್ದಂತೆ ಅರ್ಧಕ್ಕಿಳಿಸಿದರೆ ಶುಗರ್ 70ಕ್ಕಿಂತ ಕೆಳಗೆ ಕುಸಿಯಬಹುದು. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಇದರ ಲಕ್ಷಣ. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತ ಉಪವಾಸ ಮಾಡಿದರೆ ಅಥವಾ ಪಿಷ್ಟವನ್ನು ತೀರಾ ಕಡಿಮೆ ಮಾಡಿದರೆ ಇನ್ನೊಂದು ಅಪಾಯವಿದೆ: ಮೀಟರಿನಲ್ಲಿ ಶುಗರ್ ಅಷ್ಟೇನೂ ಏರಿರುವುದಿಲ್ಲ, ರಕ್ತ ಮಾತ್ರ ಆಮ್ಲವಾಗುತ್ತಿರುತ್ತದೆ. ಬರೀ ಮೆಟ್‌ಫಾರ್ಮಿನ್ ಇದ್ದವರಿಗೆ ಈ ಭಯ ಕಡಿಮೆ. ಯಾವ ಮಾತ್ರೆಯಾದರೂ ಮೀಟರಿನ ಪಟ್ಟಿ ಹಿಡಿದುಕೊಂಡು ಹೋಗಿ ವೈದ್ಯರಿಂದಲೇ ಪ್ರಮಾಣ ಇಳಿಸಿಕೊಳ್ಳಬೇಕು. ಟೈಪ್ 1 (ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಶುಗರ್) ಇರುವವರು, ಬಸುರಿಯರು, ಶುಗರ್ 300ರ ಆಚೆ ಇದ್ದು ದಾಹದ ಜೊತೆ ತೂಕ ತಾನಾಗಿ ಇಳಿಯುತ್ತಿರುವವರು ಈ ದಾರಿಗೆ ಬರಲೇಬಾರದು. ಮೊದಲಿನಿಂದಲೂ ತೆಳ್ಳಗಿದ್ದು ಶುಗರ್ ಬಂದವರು ದೇಹ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆ ಬೇಕೇ ಎಂದು ಕೇಳಿ ತಿಳಿಯಬೇಕು. ಅಂಥವರಲ್ಲಿ ಕೆಲವರಿಗೆ ಇನ್ಸುಲಿನ್ ತಯಾರಿಯೇ ಕಡಿಮೆ ಇರುತ್ತದೆ, ಊಟ ಇಳಿಸಿದರೆ ಉಪಯೋಗವಿಲ್ಲ.

ಈಗ ಮುದ್ದೆಗೆ ಬರೋಣ. 100 ಗ್ರಾಂ ರಾಗಿಯಲ್ಲಿ ಪಿಷ್ಟ ಸುಮಾರು 67 ಗ್ರಾಂ, ನಾರು 11 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ ಪಿಷ್ಟ 78, ನಾರು ಮೂರಕ್ಕೂ ಕಡಿಮೆ. ರಾಗಿ ಮೇಲು ಅನ್ನುವುದು ನಿಜ, ಆದರೆ ಆ ಮೇಲುಗೈ ಮುದ್ದೆಯ ಗಾತ್ರದಲ್ಲಿ ಕರಗಿಹೋಗುತ್ತದೆ. ಕೈತುಂಬ ಕಟ್ಟಿದ ದೊಡ್ಡ ಮುದ್ದೆಗೆ 100ರಿಂದ 120 ಗ್ರಾಂ ಹಿಟ್ಟು ಹಿಡಿಯುತ್ತದೆ, ಅಂದರೆ 67ರಿಂದ 80 ಗ್ರಾಂ ಪಿಷ್ಟ. ಅದು ಮುಗಿದ ಮೇಲೆ ‘ಬಾಯಿಗೆ ಒಂದು ತುತ್ತು’ ಎಂದು 150 ಗ್ರಾಂ ಅನ್ನ ಸಾರು ಹಾಕಿಸಿಕೊಂಡರೆ ಇನ್ನೊಂದು 42 ಗ್ರಾಂ. ಶುಗರ್ ಏರಿಸುವುದು ರಾಗಿಯೋ ಅಕ್ಕಿಯೋ ಎಂಬ ಜಗಳಕ್ಕಿಂತ ಈ ಎರಡರ ಮೊತ್ತ ಮುಖ್ಯ.

ನನ್ನ ಅಳತೆ ಒಂದು ಹೊತ್ತಿಗೆ 50 ಗ್ರಾಂ ಹಿಟ್ಟು. ತಕ್ಕಡಿಯಲ್ಲಿ ತೂಗಬೇಕಾದ್ದು ಒಣ ಹಿಟ್ಟನ್ನು. ಬೆಂದ ಮುದ್ದೆಯ ತೂಕ ನೀರಿನ ಮೇಲೆ ಏರುಪೇರಾಗುತ್ತದೆ. ಇಬ್ಬರಿಗೆ 100 ಗ್ರಾಂ ಹಿಟ್ಟು, 200ರಿಂದ 220 ಮಿಲಿ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಕುದಿಯುವ ಎಸರಿಗೆ ಬಿಟ್ಟು, ಅದು ಅಂಬಲಿಯಂತಾದ ಮೇಲೆ ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ, ಆಮೇಲೆ ಕೋಲು ಹಾಕಿ ಗಂಟಿಲ್ಲದಂತೆ ತಿರುವುವುದು. ಒಬ್ಬೊಬ್ಬರಿಗೆ 140-150 ಗ್ರಾಮಿನ ಮುದ್ದೆ ಬರುತ್ತದೆ, ಮೂಸಂಬಿ ಗಾತ್ರ. ಮುದ್ದೆ ಮೆತ್ತಗಿರಲಿ ಎಂದು ಹಿಂದಿನ ಹೊತ್ತಿನ ಅನ್ನವನ್ನೋ ನುಚ್ಚನ್ನೋ ಸೇರಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅದನ್ನು ಬಿಡಬೇಕು, ಲೆಕ್ಕವೆಲ್ಲ ಅಲ್ಲೇ ತಪ್ಪುತ್ತದೆ. ಮಿಲ್ಲಿನಲ್ಲಿ ಹಿಟ್ಟನ್ನು ತುಸು ತರಿಯಾಗಿ ಬೀಸಿಸಿ. ಜರಡಿ ಹಿಡಿದು ತೌಡು ಚೆಲ್ಲಬೇಡಿ. ರಾಗಿ ಮಾಲ್ಟ್ ಮಾತ್ರ ಬೇರೆಯೇ ಪದಾರ್ಥ. ಮೊಳಕೆ ಬರಿಸಿದಾಗ ಪಿಷ್ಟದ ಒಂದು ಭಾಗ ಆಗಲೇ ಸಕ್ಕರೆಯಾಗಿ ಒಡೆದಿರುತ್ತದೆ, ಅದನ್ನೂ ಗಂಜಿ ಮಾಡಿ ಕುಡಿದರೆ ರಕ್ತಕ್ಕೆ ಸೇರಲು ಹೊತ್ತೇ ಬೇಡ. ಶುಗರ್ ಇದ್ದವರಿಗೆಂದೇ ಇದನ್ನು ಮಾರುವುದನ್ನು ನೋಡಿದರೆ ನಗು ಬರುತ್ತದೆ.

ಮುದ್ದೆ ಚಿಕ್ಕದಾದರೆ ಹೊಟ್ಟೆ ತುಂಬಿಸುವುದು ಯಾವುದು? ಕಾಳು ಮತ್ತು ಸೊಪ್ಪು. ನಮ್ಮ ಕಡೆಯ ಬಸ್ಸಾರು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಆದರೆ ಅದನ್ನು ಉಣ್ಣುವ ಕ್ರಮವನ್ನು ತಿರುಗಿಸಬೇಕು. ಒಬ್ಬರಿಗೆ 40 ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳು, ಜೊತೆಗೆ ದೊಡ್ಡ ಹಿಡಿ ಸೊಪ್ಪು. ಬೇಯಿಸಿ ಬಸಿದ ಕಾಳು-ಸೊಪ್ಪಿನ ಪಲ್ಯವನ್ನು ಮುದ್ದೆಯ ಪಕ್ಕಕ್ಕೆ ನೆಂಚಿಕೊಳ್ಳುವ ಬದಲು ಮೊದಲೇ ಪೂರ್ತಿ ತಿಂದು ಮುಗಿಸಿ, ಆಮೇಲೆ ಮುದ್ದೆಗೆ ಕೈ ಹಾಕುವುದು. ನಾರು, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ಹಿಂದೆ ಬಂದ ಪಿಷ್ಟ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ. ಇದೇ ಊಟ, ಇದೇ ಅಳತೆ. ಕ್ರಮ ಬದಲಿಸಿದ್ದಕ್ಕೇ ಊಟ ಶುರುಮಾಡಿ ಎರಡು ಗಂಟೆಗೆ ನೋಡುವ ಶುಗರ್ ಸಂಖ್ಯೆ ಇಳಿಯುವುದನ್ನು ಮೀಟರಿನಲ್ಲಿ ನೋಡಬಹುದು. ಉಪ್ಸಾರು ಮಾಡಿದ ದಿನ ಎಚ್ಚರ ಬೇಕು. ತಟ್ಟೆಗೆ ಬರೀ ನೀರು ಮತ್ತು ಖಾರ ಬಂದು ಕಾಳು ಪಾತ್ರೆಯ ತಳದಲ್ಲೇ ಉಳಿದರೆ ಅದು ಬರೀ ಮುದ್ದೆಯ ಊಟವೇ. ಕಾಳಿನಲ್ಲೂ ಪಿಷ್ಟ ಇದೆ, ಒಣ ಹುರುಳಿಯಲ್ಲಿ ನೂರಕ್ಕೆ 57 ಗ್ರಾಂ. ಆದರೆ 22 ಗ್ರಾಂ ಪ್ರೋಟೀನ್ ಜೊತೆಗಿದೆ, ಕರಗುವುದೂ ನಿಧಾನ. ಅವರೆಕಾಯಿ ಕಾಲದಲ್ಲಿ ಈ ಊಟ ಬೇಜಾರಾಗುವುದೇ ಇಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಎಷ್ಟು ಎಂದು ವೈದ್ಯರನ್ನು ಕೇಳದೆ ಕಾಳು ಹೆಚ್ಚಿಸಬಾರದು.

ಇದಿಷ್ಟೂ ಮೀಟರ್ ಇಲ್ಲದೆ ಕುರುಡು ಲೆಕ್ಕ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎಣಿಸಿ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ. ಕೈ ತೊಳೆದ ಗಳಿಗೆಯಿಂದ ಎಣಿಸುವವರೇ ಹೆಚ್ಚು, ಅದರಿಂದ ಸಂಖ್ಯೆ ಸುಮ್ಮಸುಮ್ಮನೆ ಚೆನ್ನಾಗಿ ಕಾಣುತ್ತದೆ. ಬೆರಳನ್ನು ಸೋಪಿನಲ್ಲಿ ತೊಳೆದು ಒಣಗಿಸಬೇಕು; ಹಣ್ಣು ಹೆಚ್ಚಿದ ಕೈಯಲ್ಲೇ ಚುಚ್ಚಿದರೆ 50-60 ಹೆಚ್ಚಾಗಿ ತೋರಿಸಿದರೂ ಆಶ್ಚರ್ಯವಿಲ್ಲ. ತುದಿಯಲ್ಲಿ ನೋವು ಜಾಸ್ತಿ, ಬೆರಳಿನ ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಕೆಡುತ್ತವೆ. ಒಳ್ಳೆಯ ಮೀಟರಿಗೂ ಶೇಕಡ 15ರಷ್ಟು ಆಚೀಚೆ ಆಗುವ ಅವಕಾಶವಿದೆ, ಹಾಗಾಗಿ 142 ಬಂತು, 150 ಬಂತು ಎಂದು ತಲೆ ಕೆಡಿಸಿಕೊಳ್ಳಬಾರದು. ನಾನು ನೋಡುವುದು ಊಟಕ್ಕೆ ಮುಂಚಿನ ಮತ್ತು ನಂತರದ ವ್ಯತ್ಯಾಸವನ್ನು. ಅದು 50 ದಾಟಿದರೆ ಆ ಊಟದಲ್ಲಿ ಪಿಷ್ಟ ಹೆಚ್ಚಾಯಿತು ಎಂದು ಲೆಕ್ಕ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು: ಅಳತೆ, ಇಲ್ಲವೇ ಕ್ರಮ, ಇಲ್ಲವೇ ಊಟದ ನಂತರದ ನಡಿಗೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ.

ಮೀಟರ್ ಹಿಡಿದವರಿಗೆ ಮೊದಲು ಕಾಣುವುದು ಬೆಳಗಿನ ತಿಂಡಿಯ ತೊಂದರೆ. ಬೆಳಗ್ಗೆ ಹೊತ್ತು ದೇಹ ಇನ್ಸುಲಿನ್ನಿನ ಮಾತು ಕೇಳುವುದು ಕಡಿಮೆ. ಅದೇ ಹೊತ್ತಿಗೆ ಮೈಸೂರಿನಲ್ಲಿ ನಾವು ತಿನ್ನುವುದು ಇಡ್ಲಿ, ಆಲೂಗಡ್ಡೆ ಪಲ್ಯ ತುಂಬಿದ ಮಸಾಲೆ ದೋಸೆ, ಚಿತ್ರಾನ್ನ, ಪುಳಿಯೋಗರೆ, ಅಕ್ಕಿರೊಟ್ಟಿ, ಎಲ್ಲವೂ ಅಕ್ಕಿಯೇ. ಬದಲಿಗೆ ಹೆಸರುಕಾಳು ದೋಸೆ ಸುಲಭ. ಒಂದು ಲೋಟ ಕಾಳಿಗೆ ಎರಡು ಚಮಚ ಅಕ್ಕಿ ಸೇರಿಸಿ ರಾತ್ರಿ ನೆನೆಹಾಕಿ, ಬೆಳಗ್ಗೆ ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿ ಹುಳಿ ಬರಿಸದೆ ಹಾಗೇ ಹುಯ್ಯುವುದು. ಮೊಟ್ಟೆ ತಿನ್ನುವವರಿಗೆ ಎರಡು ಮೊಟ್ಟೆ, ಒಂದು ಬಟ್ಟಲು ಪಲ್ಯ, ಬೇಕಿದ್ದರೆ ಒಂದೇ ಒಂದು ಇಡ್ಲಿ. ಉಪ್ಪಿಟ್ಟಾದರೆ ರವೆಯಷ್ಟೇ ತೂಕದ ತರಕಾರಿ ಬೀಳಬೇಕು, ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಬೇಕು. ಫಿಲ್ಟರ್ ಕಾಫಿಗೆ ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ. ನಾಲಿಗೆ ಕೆಲವೇ ವಾರದಲ್ಲಿ ಒಗ್ಗುತ್ತದೆ. ಹಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಬೆಹಣ್ಣು ಅರ್ಧ ತಿನ್ನಬಹುದು, ನಂಜನಗೂಡು ರಸಬಾಳೆ ಎಷ್ಟೇ ಹೆಸರುವಾಸಿಯಾದರೂ ಊಟದ ಮೇಲೆ ಬೇಡ, ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಲ್ಲುವುದೇ ಬೇಡ.

ವ್ಯಾಯಾಮದಲ್ಲಿ ಹೆಚ್ಚಿನವರು ಮಾಡುವುದು ಬೆಳಗಿನ ಒಂದು ದೊಡ್ಡ ನಡಿಗೆ. ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿದರೆ ಐದು ಕಿಲೋಮೀಟರಿನ ಆಸುಪಾಸು ಆಗುತ್ತದೆ, ಒಳ್ಳೆಯದೇ. ಆಮೇಲೆ ಗುಂಪಾಗಿ ಹೋಟೆಲಿಗೆ ನುಗ್ಗಿ ಇಡ್ಲಿ-ವಡೆ ತಿಂದರೆ ಆ ಸುತ್ತು ಅಲ್ಲೇ ತೀರಿಹೋಗುತ್ತದೆ. ಶುಗರ್ ಇದ್ದವರಿಗೆ ಅದಕ್ಕಿಂತ ಬೆಲೆಬಾಳುವುದು ಪ್ರತಿ ಊಟದ ನಂತರದ 15 ನಿಮಿಷ. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಅದಕ್ಕೇ ಕೈ ತೊಳೆದು ಅರ್ಧ ಗಂಟೆಯೊಳಗೆ, ಶುಗರ್ ಏರುವ ಹೊತ್ತಿನಲ್ಲೇ ನಡೆಯಬೇಕು. ಹಟ್ಟಿ ಮುಂದೆ, ಮಹಡಿ ಮೇಲೆ, ಬೀದಿಯ ಕೊನೆಯವರೆಗೆ, ಎಲ್ಲಾದರೂ ಸರಿ. ಉಂಡ ತಕ್ಷಣ ಮಲಗುವ ಅಭ್ಯಾಸವನ್ನು, ಅದರಲ್ಲೂ ರಾತ್ರಿಯದನ್ನು, ಮುರಿಯದಿದ್ದರೆ ಉಳಿದದ್ದೆಲ್ಲ ಅರ್ಧ ಫಲ.

‘ಗದ್ದೆ ಕೆಲಸ ಮಾಡ್ತೀನಲ್ಲ, ಇನ್ನೇನು ವ್ಯಾಯಾಮ’ ಎನ್ನುವವರು ಹಳ್ಳಿಯಲ್ಲಿ ತುಂಬಾ. ನಾಟಿ, ಕುಯ್ಲು ಇರುವ ದಿನಗಳಲ್ಲಿ ಆ ಮಾತು ಸರಿ. ಮಿಕ್ಕ ದಿನ ಉಳುವುದು ಟ್ರ್ಯಾಕ್ಟರ್, ಗದ್ದೆವರೆಗೆ ಕರೆದೊಯ್ಯುವುದು ಬೈಕು, ನೀರು ಕಟ್ಟುವುದು ಮೋಟಾರು. ವಾರಕ್ಕೆ ಕನಿಷ್ಠ 150 ನಿಮಿಷ ಉಸಿರು ಸ್ವಲ್ಪ ಏರುವಷ್ಟು ವೇಗದ ನಡಿಗೆ ಬೇಕು, ಸತತ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬಾರದು. ನಾಲೆ ಏರಿ ಮೇಲೆ ನಡೆಯುವವರು ಬರಿಗಾಲಲ್ಲಿ ಹೋಗಬೇಡಿ. ಪಾದದ ಸ್ಪರ್ಶ ಮಂಕಾಗಿದ್ದರೆ ಮುಳ್ಳು ಚುಚ್ಚಿದ್ದು ಸಂಜೆಯವರೆಗೂ ಗೊತ್ತಾಗುವುದಿಲ್ಲ.

ನಡಿಗೆಯಷ್ಟೇ ಸಾಲದು, ಸ್ನಾಯು ಬೆಳೆಯಬೇಕು. ಊಟದ ಗ್ಲೂಕೋಸಿನ ದೊಡ್ಡ ಪಾಲು ಹೋಗಿ ಕೂರುವುದು ಸ್ನಾಯುವಿನಲ್ಲಿ, ಅದರಲ್ಲೂ ತೊಡೆ, ಪೃಷ್ಠದಲ್ಲಿ. ಗರಡಿ ಮನೆಗಳ ಊರಾದ ಮೈಸೂರಿಗೆ ಬಸ್ಕಿ, ದಂಡ ಹೊಸದಾಗಿ ಕಲಿಸಬೇಕಿಲ್ಲ. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಮಂಡಿ ಗಟ್ಟಿಯಿಲ್ಲದವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದರಿಂದ ಶುರುಮಾಡಲಿ: ಹತ್ತು ಸಲ, ಒಂದು ನಿಮಿಷ ವಿರಾಮ, ಹೀಗೆ ಮೂರು ಸುತ್ತು. ಹದಿನೈದು ಸಲ ಸಲೀಸಾದರೆ ಕೈಯಲ್ಲಿ ಐದು ಲೀಟರಿನ ನೀರಿನ ಕ್ಯಾನ್ ಹಿಡಿಯಬೇಕು. ದಂಡ ಹೊಡೆಯಲಾಗದವರು ಗೋಡೆಗೆ ಕೈಕೊಟ್ಟು ಮೈ ತಳ್ಳುವುದು, ಆಮೇಲೆ ಕಟ್ಟೆ, ಆಮೇಲೆ ನೆಲ. ಉಸಿರು ಬಿಗಿಹಿಡಿದು ಎತ್ತಬಾರದು. ಕಣ್ಣಿನ ರೆಟಿನಾ ಪರೀಕ್ಷೆ ಆಗದೆ ಭಾರ ಎತ್ತುವುದಕ್ಕೆ ಹೋಗಲೇಬಾರದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವುದು ತೊಡೆಗೆ ಬಹಳ ಒಳ್ಳೆಯದು. ಮಂಡಿ ಕೆಡುವುದು ಇಳಿಯುವಾಗ, ಅದಕ್ಕೇ ನಾನು ಬಸ್ಸಿನಲ್ಲಿ ಇಳಿಯುತ್ತೇನೆ. ಹತ್ತುವಾಗ ಎದೆ ಬಿಗಿದರೆ ನಂದಿಯವರೆಗಾದರೂ ಹೋಗಿಬಿಡೋಣ ಎನ್ನುವ ಹಟ ಬೇಡ, ಅಲ್ಲೇ ಕೂತು ಆಸ್ಪತ್ರೆಯ ದಾರಿ ನೋಡಬೇಕು.

ಬೊಜ್ಜು ಇದ್ದವರಿಗೆ ತೂಕ ಇಳಿಯದೆ ಮಾತ್ರೆ ನಿಲ್ಲುವುದು ಕಷ್ಟ. ನಮ್ಮವರಿಗೆ ಸೊಂಟದ ಸುತ್ತಳತೆಯೇ ಒಳ್ಳೆಯ ಗುರುತು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದರೊಳಗಿರಬೇಕು. ಯಕೃತ್ತಿನಲ್ಲಿ, ಮೇದೋಜೀರಕದಲ್ಲಿ ಕೂತ ಕೊಬ್ಬು ಕರಗಿದಾಗ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬರುತ್ತದೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿದ್ದ, ಇನ್ಸುಲಿನ್ ತೆಗೆದುಕೊಳ್ಳದವರ ಪೈಕಿ ಊಟ ಇಳಿಸಿದ ಗುಂಪಿನ ಶೇಕಡ 46 ಜನ ವರ್ಷದ ಕೊನೆಗೆ ಮಾತ್ರೆಯಿಲ್ಲದೆ ಹತೋಟಿಗೆ ಬಂದರು. 15 ಕಿಲೋ ಅಥವಾ ಹೆಚ್ಚು ಇಳಿದವರಲ್ಲಿ ಅದು ಶೇಕಡ 86. ಹತ್ತು-ಹದಿನೈದು ವರ್ಷದ ಹಳೆಯ ಶುಗರಿಗೆ ಇದೇ ಫಲ ಬರುತ್ತದೆ ಎಂದುಕೊಳ್ಳಬಾರದು.

ಎಲ್ಲ ಸರಿಯಿದ್ದೂ ಬೆಳಗ್ಗೆ ಖಾಲಿಹೊಟ್ಟೆಯ ಸಂಖ್ಯೆ ಮೊಂಡು ಹಿಡಿಯುವುದುಂಟು. ನಸುಕಿನಲ್ಲಿ ಏರುವ ಹಾರ್ಮೋನುಗಳು ಯಕೃತ್ತಿನಿಂದ ಗ್ಲೂಕೋಸ್ ಬಿಡಿಸುತ್ತವೆ, ರಾತ್ರಿ ಉಪವಾಸವಿದ್ದರೂ ಬಿಡಿಸುತ್ತವೆ. ಎಂಟರೊಳಗೆ ಊಟ, ಆ ಊಟದಲ್ಲಿ ಪಿಷ್ಟ ದಿನದಲ್ಲೇ ಕಡಿಮೆ, ಆಮೇಲೆ ನಡಿಗೆ, ಚೆನ್ನಾಗಿ ನಿದ್ದೆ; ಇದಕ್ಕೆ ಇರುವುದು ಇಷ್ಟೇ. ಕೊನೆಗೆ ಇಳಿಯುವ ಸಂಖ್ಯೆಯೂ ಇದೇ.

ಬೀಗರೂಟಕ್ಕೆ ಹೆದರಬೇಕಿಲ್ಲ. ಮಾಂಸ ಶುಗರ್ ಏರಿಸುವುದು ತೀರಾ ಕಡಿಮೆ, ಅಲ್ಲಿ ತೊಂದರೆ ಕೊಡುವುದು ಎರಡನೇ ಮುದ್ದೆ ಮತ್ತು ಅನ್ನ. ಒಬ್ಬಟ್ಟಿನ ಹಬ್ಬ ಕಷ್ಟ. ಒಂದು ಒಬ್ಬಟ್ಟಿಗೆ ಒಂದು ಮುದ್ದೆಯ ಲೆಕ್ಕ ಹಾಕಿ, ಆ ಹೊತ್ತು ಮುದ್ದೆ, ಅನ್ನ ಎರಡನ್ನೂ ಬಿಡುತ್ತೇನೆ.

ಮೂರು ತಿಂಗಳಿಗೊಮ್ಮೆ, ಕಳೆದ ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ. ಮಾತ್ರೆ ನಿಂತು ಮೂರು ತಿಂಗಳಾದ ಮೇಲೂ 6.5ಕ್ಕಿಂತ ಕೆಳಗಿದ್ದರೆ ಅದನ್ನು ವೈದ್ಯರು ರೆಮಿಶನ್ (ಕಾಯಿಲೆ ಸದ್ಯಕ್ಕೆ ಅಡಗಿರುವ ಸ್ಥಿತಿ) ಎನ್ನುತ್ತಾರೆ, ವಾಸಿಯಾಯಿತು ಎನ್ನುವುದಿಲ್ಲ. ಕಬ್ಬಿಣಾಂಶದ ಕೊರತೆಯ ರಕ್ತಹೀನತೆ ಇದ್ದರೆ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಹಿಮೋಗ್ಲೋಬಿನ್ನನ್ನೂ ಜೊತೆಗೆ ನೋಡಿಸಬೇಕು. ಮೂರು ತಿಂಗಳು ನಿಯತ್ತಾಗಿ ಮಾಡಿಯೂ 7ರ ಮೇಲೇ ಇದ್ದರೆ ಮಾತ್ರೆ ಶುರುಮಾಡುವ ಮಾತನ್ನು ವೈದ್ಯರೊಂದಿಗೆ ಆಡಬೇಕು. ಜ್ವರ, ಸೋಂಕು, ಆಪರೇಶನ್, ಸ್ಟೀರಾಯ್ಡ್ ಚಿಕಿತ್ಸೆ ಇದ್ದಾಗ ಸ್ವಲ್ಪ ದಿನ ಮಾತ್ರೆ ಅಥವಾ ಇನ್ಸುಲಿನ್ ಬೇಕಾಗಬಹುದು. ರೆಟಿನಾ, ಮೂತ್ರಪಿಂಡದ ಸ್ಥಿತಿ ತೋರಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಪಾದದ ಸ್ಪರ್ಶ, ಈ ನಾಲ್ಕು ಪರೀಕ್ಷೆ ಶುಗರ್ ಎಷ್ಟೇ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಆಗಲೇಬೇಕು.